ಮೈಕಿಗಾಗಿ ಮೌನ

ಶನಿವಾರ ಸಂಜೆ ಅಭ್ಯಾಸದ ಕೊನೆಯ ಹಾಡಿನಲ್ಲಿ ಟೈಲರಮ್ಮನ ದನಿ ಎಣ್ಣೆ ಕಾಣದ ಬಾಗಿಲಿನಂತೆ ಕಿರ್ ಎಂದದ್ದೇ ಎಲ್ಲಕ್ಕೂ ಮೂಲ.

ರಾಕ್ ತಂಡದಲ್ಲಿ ಅವಳು ವರ್ಷಗಟ್ಟಲೆ ಹಿಂಬದಿಯಲ್ಲಿ ನಿಂತು "ಊ... ಆ..." ಎಂದವಳು. ಹಾಡು ಕಟ್ಟುವವಳು ಅವಳು. ಮುಂದಿನ ಮೈಕು ಹಿಡಿದು ಕೂದಲು ಹಾರಿಸುವವನು ಡ್ರಮ್ಮಿನವನ ಭಾವಮೈದುನ. ಜಗಳವಾಡಿ, ಮುನಿಸಿಕೊಂಡು, ಅಂತೂ ಭಾನುವಾರದ ಕಾರ್ಯಕ್ರಮಕ್ಕೆ ಆ ಮೈಕನ್ನು ಗಿಟ್ಟಿಸಿಕೊಂಡಿದ್ದಳು. ಅವಳೇ ಹೊಲಿದುಕೊಂಡ ಬೆಳ್ಳಿಗುಂಡಿಯ ಕಪ್ಪು ಜಾಕೆಟ್ಟು ಅಭ್ಯಾಸದ ಕೋಣೆಯಲ್ಲಿ ಸಿದ್ಧವಾಗಿ ತೂಗುತ್ತಿತ್ತು.

"ನೋಡಕ್ಕಾ," ಎಂದ ಡ್ರಮ್ಮಿನವ, "ನಾಳೆ ಸ್ಟೇಜ್ ಹತ್ತೋವರೆಗೂ ಒಂದಕ್ಷರ ಮಾತಾಡಬೇಡಿ. ಪಿಸುಗುಟ್ಟೋದೂ ಬೇಡ. ಗಂಟಲು ಕೈಕೊಟ್ರೆ ಮೈಕು ಮತ್ತೆ ನಮ್ಮ ಹುಡುಗಂಗೆ."

ಭಾನುವಾರ ಬೆಳಗಾಯಿತು. ಗಂಡ ಕೆಲಸಕ್ಕೆ ಹೋಗಿದ್ದ. ಮಗಳಿಗೆ ಕೈಸನ್ನೆಯಲ್ಲೇ ಗದರಿ, ಜಡೆ ಹಾಕಿ, ಹೊಲಿಗೆ ಯಂತ್ರದ ಮುಂದೆ ಕೂತಳು. ಅಷ್ಟರಲ್ಲಿ ಒಬ್ಬ ಗಿರಾಕಿ ಪ್ಯಾಂಟು ಹಿಡಿದು ಬಂದ.

"ಸೊಂಟ ಬಿಗಿ. ಹೋದ ಸಲ ನೀವೇ ಕೆಡಿಸಿದ್ದು. ಪುಕ್ಕಟೆ ಸರಿಮಾಡಿ ಕೊಡ್ತೀರಿ ತಾನೇ?"

ಬಿಗಿಯಾದದ್ದು ಪ್ಯಾಂಟಲ್ಲ, ಹೊಟ್ಟೆ ಬೆಳೆದದ್ದು ಎಂಬ ಮಾತು ಟೈಲರಮ್ಮನ ನಾಲಿಗೆ ತುದಿಗೆ ಬಂದು, ಅಲ್ಲೇ ನಿಂತು, ವಾಪಸು ಹೋಯಿತು.

"ನೀವು ಒಪ್ಪಿದ್ದು ಒಳ್ಳೇದಾಯ್ತು," ಎನ್ನುತ್ತ ಅವನು ಸಂತೋಷವಾಗಿ ಹೊರಟ.

ಆಮೇಲೆ ಕತ್ತರಿ ಕೇಳಲು ಮಹಡಿಮನೆಯ ದೊಡ್ಡಮ್ಮ ಇಳಿದು ಬಂದರು. ಟೈಲರಮ್ಮ ಕತ್ತರಿ ಕೊಟ್ಟಳು, ಮಾತು ಕೊಡಲಿಲ್ಲ.

"ಏನೇ ಇದು? ಗಂಡನ ಹತ್ರ ಜಗಳಾನಾ?"

ಇಲ್ಲವೆಂದು ತಲೆಯಾಡಿಸಿದಳು.

"ನನ್ನ ಮೇಲೆ ಕೋಪಾನಾ?"

ಅದೂ ಅಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕಪ್ಪು ತುಂಡೊಂದರ ಮೇಲೆ 'ಹಾಡಲಿಕ್ಕಿದೆ, ಗಂಟಲಿಗೆ ರಜಾ' ಎಂದು ಬರೆದು ತೋರಿಸಿದಳು. ದೊಡ್ಡಮ್ಮ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಕನ್ನಡಕ ಮೇಲಿದೆ ಕಣೆ. ಏನಾಯ್ತೇ ನಿಂಗೆ?" ಎಂದು ಅದೇ ತುಂಡಿನಿಂದ ತುಂಬಿಬಂದ ಕಣ್ಣು ಒರೆಸಿಕೊಂಡರು. ಬರಹ ಅವರ ಕೆನ್ನೆಗೆ ಹೋಯಿತು.

ಯಂತ್ರದ ಕೆಳಗೆ ಗುಂಡಿಗಳ ಜತೆ ಆಡುತ್ತಿದ್ದ ಮಗಳು ಸಹಾಯಕ್ಕೆ ಬಂದಳು. "ಅಮ್ಮ ಮಾತಾಡಿದ್ರೆ ಗಂಟಲು ಒಡೆದುಹೋಗುತ್ತಂತೆ ಅಜ್ಜಿ!"

"ಅಯ್ಯಯ್ಯೋ!"

ಆ ಒಂದು ಕೂಗಿಗೆ ಎದುರುಮನೆಯ ನಿವೃತ್ತ ಕಾಂಪೌಂಡರು ಬನಿಯನ್ನಿನಲ್ಲೇ ಓಡಿಬಂದರು. ಟೈಲರಮ್ಮನ ಬಾಯಿ ತೆಗೆಸಿ, ಬಾವಿಗೆ ಬಿದ್ದ ಕೊಡ ಹುಡುಕುವವರಂತೆ ಒಳಗೆ ಇಣುಕಿದರು.

"ನೋವಿದೆಯೇನಮ್ಮಾ?"

ಇಲ್ಲ.

"ಊತ?"

ಇಲ್ಲ.

"ನೋಡಿದ್ರಾ!" ಕಾಂಪೌಂಡರು ಗೆದ್ದವರಂತೆ ತಿರುಗಿದರು. "ನೋವಿಲ್ಲ, ಊತವಿಲ್ಲ, ಮಾತೂ ಇಲ್ಲ. ಇದು ನರದ್ದೇ!"

ಟೈಲರಮ್ಮ ಎರಡೂ ಕೈ ಬೀಸಿ ಅಲ್ಲವೆಂದಳು. "ಕೈಗೂ ಇಳೀತಾ ಇದೆ," ಎಂದು ಅವರು ಮರುಗಿದರು.

ಮಧ್ಯಾಹ್ನವೆಲ್ಲ ದೊಡ್ಡಮ್ಮ ಕಷಾಯ ಕಾಯಿಸಿದರು. ಬೇವಿಗೂ ಬೇಡವಾದ ಕಹಿ. ಟೈಲರಮ್ಮ ಬಾಯಿ ತೆರೆದರೆ ಕಷಾಯ ಹೋಗುತ್ತದೆ, ಬಿಗಿಹಿಡಿದರೆ ಕಾಂಪೌಂಡರು ಮೂಗು ಹಿಡಿಯುತ್ತಾರೆ. ಕುಡಿದಳು. ಮೈಕಿಗಾಗಿ ಏನೆಲ್ಲ ಕುಡಿಯಬೇಕೋ ಎಂದುಕೊಂಡು ಕುಡಿದಳು.

ಸಂಜೆ ಅವಳು ಸ್ನಾನ ಮುಗಿಸಿ ಬರುವಾಗ ದೊಡ್ಡಮ್ಮ ಅವಳ ಫೋನನ್ನು ಮೇಜಿನ ಮೇಲಿಡುತ್ತಿದ್ದರು. "ಯಾರೋ ನಿನ್ನನ್ನ ಕೇಳಿದ್ರು. ನಾನೇ ಮಾತಾಡಿ ಮುಗಿಸಿದೆ. ನೀನೇನೂ ಯೋಚನೆ ಮಾಡಬೇಡ."

ಪ್ಯಾಂಟಿನವನೇ ಇರಬೇಕೆಂದುಕೊಂಡು ಟೈಲರಮ್ಮ ಹೊರಟಳು. ಒಬ್ಬಳನ್ನೇ ಬಿಡುವುದುಂಟೆ? ಕಷಾಯದ ಫ್ಲಾಸ್ಕಿನೊಂದಿಗೆ ದೊಡ್ಡಮ್ಮ, ಮಗಳ ಕೈಹಿಡಿದು ಕಾಂಪೌಂಡರು, ಎಲ್ಲರೂ ಒಂದೇ ಆಟೋದಲ್ಲಿ ತುರುಕಿಕೊಂಡರು.

ಸಭಾಂಗಣದ ಬಾಗಿಲು ತಳ್ಳಿದರೆ ಕಾರ್ಯಕ್ರಮ ಆಗಲೇ ಶುರುವಾಗಿದೆ! ಮುಂದಿನ ಮೈಕಿನಲ್ಲಿ ಭಾವಮೈದುನ. ಅವನ ಬಾಯಲ್ಲಿ ಅವಳ ಹಾಡು. ಅವನ ಮೈಮೇಲೆ ಅವಳ ಜಾಕೆಟ್ಟು, ಕಂಕುಳಲ್ಲಿ ಆಗಲೇ ಹೊಲಿಗೆ ಬಿಟ್ಟಿದೆ.

ಇಡೀ ದಿನ ಕೂಡಿಟ್ಟ ದನಿ ಒಮ್ಮೆಗೇ ಹೊರಬಂತು.

"ಇಳಿಯೋ ಕೆಳಗೇ! ಅದು ನನ್ನ ಮೈಕೂಊಊ!"

ಕಿಟಕಿಯ ಗಾಜು ನಡುಗಿತು. ಜಾಕೆಟ್ಟಿನ ಗುಂಡಿಯೊಂದು ಹೆದರಿ ಉದುರಿತು. ಇದೂ ಹಾಡಿನ ಭಾಗವೆಂದುಕೊಂಡ ಜನ ಎದ್ದುನಿಂತು ಸಿಳ್ಳೆ ಹೊಡೆದರು.

ಡ್ರಮ್ಮಿನವನ ಕೈಯ ಕೋಲು ಗಾಳಿಯಲ್ಲೇ ನಿಂತಿತು. "ಅಕ್ಕಾ! ನಿಮಗೆ ಮಾತೇ ನಿಂತುಹೋಗಿದೆ ಅಂತ ಫೋನಲ್ಲಿ ಯಾರೋ ಗೋಳಾಡಿದ್ರಲ್ಲ! ಬನ್ನಿ, ಬೇಗ ಬನ್ನಿ, ಇಂಥ ದನಿ ಇಟ್ಕೊಂಡು ಕೆಳಗ್ಯಾಕೆ ನಿಂತಿದೀರಿ?"

ಟೈಲರಮ್ಮ ಓಡಿ ವೇದಿಕೆ ಹತ್ತಿದಳು. ಭಾವಮೈದುನ ಮುಖ ಊದಿಸಿಕೊಂಡು ಮೈಕು ಕೊಟ್ಟ. ಕೊನೆಗೂ ಅದು ಅವಳ ಕೈಯಲ್ಲಿತ್ತು. ಗಿಟಾರು ಮೊಳಗಿತು, ಜನ ಉಸಿರು ಬಿಗಿಹಿಡಿದರು, ಅವಳು ಬಾಯಿ ತೆರೆದಳು.

"ಕಿರ್..."

ಮತ್ತೊಮ್ಮೆ ತೆರೆದಳು. ಕಿರ್ ಕೂಡ ಬರಲಿಲ್ಲ.

ಭಾವಮೈದುನ ಮೆಲ್ಲಗೆ ಮೈಕನ್ನು ವಾಪಸು ತೆಗೆದುಕೊಂಡ. ಅವಳು ಹಿಂದೆ ಸರಿದು ತನ್ನ ಹಳೆಯ ಜಾಗದಲ್ಲಿ ನಿಂತಳು, ಇವತ್ತು ಅಲ್ಲಿ "ಊ... ಆ..." ಎನ್ನುವುದಕ್ಕೂ ದನಿಯಿರಲಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ದೊಡ್ಡಮ್ಮ, ಕೆನ್ನೆಯ ಸೀಮೆಸುಣ್ಣ ಆನಂದಬಾಷ್ಪದಲ್ಲಿ ತೊಯ್ದು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ವೇದಿಕೆಯ ಮೆಟ್ಟಿಲು ಹತ್ತತೊಡಗಿದ್ದರು.

"ಕೇಳಿದ್ರಾ ಕಾಂಪೌಂಡರೇ? ನನ್ನ ಕಷಾಯಕ್ಕೆ ಮಾತೇ ಬಂತು! ಇನ್ನೊಂದು ಲೋಟ ಕುಡಿಸಿದ್ರೆ ಹಾಡೂ ಹಾಡ್ತಾಳೆ. ನೀವು ಬಂದು ಸ್ವಲ್ಪ ಅವಳ ಮೂಗು ಹಿಡ್ಕೊಳ್ಳಿ!"