ಬೀರುವಿನೊಳಗಿನ ನಾದಸ್ವರ

ಗುಂಯ್... ನಮ್ಮ ದೊಡ್ಡಬಳ್ಳಾಪುರದ ಕಡೆಯ ವಿಜಯಪುರದಲ್ಲಿರುವ ಅಕ್ಕನ ಮನೆ ಎಂದರೆ ನನಗೆ ಮೊದಲು ಕೇಳಿಸುವುದು ಈ ಸದ್ದು. ಬೀದಿಯ ಎರಡೂ ಬದಿ ರೇಷ್ಮೆ ಹುರಿ ಮಾಡುವ ಮಿಷನ್ನುಗಳು. ಬೆಳಗಿನಿಂದ ಸಂಜೆಯ ತನಕ ಜೇನುಹುಳುಗಳ ಕಾನ್ಫರೆನ್ಸ್! ಕರೆಂಟ್ ಹೋದರೆ ಇಡೀ ಬೀದಿ ಒಂದೇ ಸಲ ಬಾಯಿ ಮುಚ್ಚುತ್ತಿತ್ತು. ಎಲ್ಲರೂ ಗೊಣಗಿಕೊಂಡು ಹೊರಗೆ ಬಂದರೆ ಒಬ್ಬರು ಮಾತ್ರ ಖುಷಿಯಿಂದ ಒಳಗೆ ಓಡುತ್ತಿದ್ದರು. ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು.

ಜನ್ಮದಲ್ಲಿ ಒಮ್ಮೆಯೂ ಸರಿಯಾಗಿ ನಾದಸ್ವರ ಊದಿದವರಲ್ಲ. ಆದರೂ ನಾನು ಕಂಡ ಅತಿ ದೊಡ್ಡ ನಾದಸ್ವರ ವಿದ್ವಾಂಸರು ಅವರೇ ಎಂದರೆ ನಂಬುತ್ತೀರಾ? ನಂಬಬೇಡಿ, ತುಸು ಜಾಸ್ತಿಯಾಯಿತು. ಸುಮಾರಾದ ವಿದ್ವಾಂಸರು ಎಂದಿಟ್ಟುಕೊಳ್ಳಿ.

ಚಿಕ್ಕಂದಿನಲ್ಲಿ ಭಾವನಿಗೆ ವಾಲಗ ಕಲಿಯುವ ಹುಚ್ಚು. ಊರಿನ ವಾಲಗದವರ ಮನೆ ಜಗುಲಿಯಲ್ಲಿ ಕೂತಿದ್ದವರನ್ನು ಅವರಪ್ಪ ಕಿವಿ ಹಿಡಿದು ಎಳೆದುಕೊಂಡು ಬಂದು, ಹೊಲ ಗದ್ದೆ ಇರುವ ಮನೆಯ ಮಗ ಕಂಡವರ ಮದುವೆಯಲ್ಲಿ ಊದಿಕೊಂಡು ಕೂರುವುದೇ ಎಂದು ರೇಗಿದರಂತೆ. ಆಮೇಲೆ ಹುರಿ ಮಿಷನ್ನು, ಮದುವೆ, ಮಕ್ಕಳು. ಎಪ್ಪತ್ತು ದಾಟಿದ ಮೇಲೆ ಹಳೆಯ ಆಸೆ ವಾಪಸ್ ಬಂತು. ಅಷ್ಟರಲ್ಲಿ ಆಸ್ತಮಾ ಬಂದಿತ್ತು, ಹಲ್ಲಿನ ಸೆಟ್ಟೂ ಬಂದಿತ್ತು. ಊದಲು ಹೋದರೆ ಸ್ವರಕ್ಕಿಂತ ಮೊದಲು ಹಲ್ಲು ಹೊರಗೆ!

ಅದಕ್ಕೆ ಮೊಮ್ಮಗಳು ಒಂದು ಲ್ಯಾಪ್‌ಟಾಪು, ಎರಡು ಗೇಣಿನ ಕೀಬೋರ್ಡು ತಂದುಕೊಟ್ಟಳು. ವರ್ಚುವಲ್ ಇನ್‌ಸ್ಟ್ರುಮೆಂಟ್ ಅಂತೆ. ಯಾರೋ ನಿಜವಾದ ವಾದ್ಯದ ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ತುಂಬಿಟ್ಟಿರುತ್ತಾರೆ, ನಾವು ಕೀ ಒತ್ತಿದರೆ ಅದು ನುಡಿಯುತ್ತದೆ. ಮೊದಲ ದಿನ ಭಾವ ಒತ್ತಿದಾಗ ಕೇಳಿದ್ದು ನೆಲಮಂಗಲದ ಹೈವೇ ಲಾರಿಯ ಹಾರ್ನು. ಅಕ್ಕ ಗೇಟಿನ ತನಕ ಹೋಗಿ ನೋಡಿಕೊಂಡು ಬಂದಳು.

ನನಗೆ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಬೆರಳ ಗಂಟಿಗೆ ಸ್ಕೇಲಿನಲ್ಲಿ ಬಾರಿಸಿ ಪಿಯಾನೊ ಕಲಿಸಿದ್ದರು. ಆದ್ದರಿಂದ ಭಾವನ ಪಾಲಿಗೆ ನಾನೇ ಎಕ್ಸ್‌ಪರ್ಟ್. ದೊಡ್ಡಬಳ್ಳಾಪುರದಿಂದ ಎರಡು ಬಸ್ ಹತ್ತಿಳಿದು ಹೋದರೆ ಕಾಫಿಗಿಂತ ಮೊದಲು ಹೆಡ್‌ಫೋನ್ ಕೈಗೆ ಬರುತ್ತಿತ್ತು.

"ಹೇಳು ಕಾನ್ವೆಂಟಮ್ಮ, ಮನುಷ್ಯ ಊದ್ದಂಗಿದ್ಯೋ, ಮಿಷನ್ ಊದ್ದಂಗಿದ್ಯೋ?"

"ಪರ್ಫೆಕ್ಟ್ ಆಗಿದೆ ಭಾವ," ಎಂದೆ ಒಂದು ಸಲ. ಅವರ ಮುಖ ಬಾಡಿತು.

"ಪರ್ಫೆಕ್ಟ್ ಅಂದ್ರೆ ಮಿಷನ್ನೇ ಬಿಡು."

ಕೊನೆಗೆ ಅವರು ಲ್ಯಾಪ್‌ಟಾಪು ಹೊತ್ತುಕೊಂಡು ಹೋದದ್ದು ಘಾಟಿ ದೇವಸ್ಥಾನದ ಹತ್ತಿರದ ಒಂದು ಹಳ್ಳಿಗೆ. ಆ ಹಳೆಯ ವಾಲಗದವರ ಮಗ, ಈಗ ತಾನೂ ಮುದುಕನಾಗಿ, ಅಲ್ಲಿ ಮಗಳ ಮನೆಯಲ್ಲಿದ್ದ. ಕಣ್ಣು ಮಂಜು, ಕಿವಿ ಚುರುಕು. ಅರ್ಧ ಗಂಟೆ ಕೇಳಿ ಕೈ ಎತ್ತಿದ.

"ಊದೋನು ಯಾರು ಸ್ವಾಮಿ? ಆಗ್ಲಿಂದ ಒಂದ್ಸಲಾನೂ ಉಸ್ರು ತಗೊಂಡಿಲ್ಲ. ಬದ್ಕವ್ನಾ?"

ಅಲ್ಲಿಂದ ಶುರುವಾಯಿತು ನೋಡಿ, ಉಸಿರಿನ ಬೇಟೆ! ಎಲ್ಲಿ ಸ್ವರ ನಿಲ್ಲಬೇಕು, ಎಲ್ಲಿ ದಣಿಯಬೇಕು, ಎಲ್ಲಿ ತುಸು ತಡವಾಗಬೇಕು ಎಂದು ತಿಂಗಳುಗಟ್ಟಲೆ ತಿದ್ದಿದರು. ಆ ಸಂದುಗಳಿಗೆಲ್ಲ ತಮ್ಮದೇ ಉಸಿರನ್ನು ರೆಕಾರ್ಡ್ ಮಾಡಿ ಸೇರಿಸಬೇಕೆಂದು ಹಟ. ಬೀದಿಯ ಗುಂಯ್‌ಗುಟ್ಟುವಿಕೆ ನಿಲ್ಲಲು ಕರೆಂಟ್ ಹೋಗಬೇಕು. ಹೋದರೂ ಪಕ್ಕದ ಮನೆಯ ನಾಯಿ, ಯಾರದೋ ಸ್ಕೂಟರು. ರೇಷ್ಮೆ ಸದ್ದನ್ನು ನುಂಗುತ್ತದೆ ಎಂದು ಹೇಗೋ ಕಂಡುಹಿಡಿದರು. ಒಂದು ಮಧ್ಯಾಹ್ನ ಅಕ್ಕ ಕೋಣೆಗೆ ಹೋದರೆ, ಇವರು ಬೀರು ತೆರೆದು ಅವಳ ಸೀರೆಗಳ ಮಧ್ಯೆ ತಲೆ ತೂರಿಸಿಕೊಂಡು ಕೂತಿದ್ದಾರೆ.

"ಏನ್ರೀ ಅದು, ನನ್ ಸೀರೆ ಹತ್ರ ಏನ್ ಮಾತಾಡ್ತಿದೀರ?"

"ಮಾತಾಡ್ತಿಲ್ಲ ಕಣೇ, ಉಸಿರಾಡ್ತಿದೀನಿ."

"ಅದನ್ನ ಹೊರಗಡೆ ಮಾಡಕ್ಕಾಗಲ್ವಾ?"

ಮೊಮ್ಮಗಳ ನಿಶ್ಚಿತಾರ್ಥ ಮನೆಯಲ್ಲೇ ನಡೆಯಿತು. ಮದುವೆಗೆ ನಿಜವಾದ ವಾಲಗದವರೇ ಬರಬೇಕು, ಅವರ ಅನ್ನಕ್ಕೆ ಕಲ್ಲು ಹಾಕಕೂಡದು ಎಂಬ ಷರತ್ತಿನ ಮೇಲೆ ಅವತ್ತು ಭಾವನ ನಾದಸ್ವರ ಹಾಕಲು ಅಕ್ಕ ಒಪ್ಪಿದಳು. ಸ್ಪೀಕರುಗಳು ಕೋಣೆಯ ಪರದೆಯ ಹಿಂದೆ, ಭಾವ ಪರದೆಯ ಮುಂದೆ, ಏನೂ ಅರಿಯದವರಂತೆ. ನಾದಸ್ವರ ನುಡಿಯಿತು, ನಿಂತಿತು, ಸಣ್ಣಗೆ ಏದುಸಿರು ಬಿಟ್ಟಿತು, ಒಮ್ಮೆ ಕೆಮ್ಮಿತು ಕೂಡ! ಬೀಗರು ತಲೆದೂಗಿದರು. ಮೊದಲ ಪಂಕ್ತಿ ಎದ್ದ ಮೇಲೆ ಅಡುಗೆಯವನು ಸೌಟು ಹಿಡಿದೇ ಬಂದ.

"ವಾಲಗದೋರ್ಗೆ ನಾಲ್ಕೆಲೆ ಹಾಕಿವ್ನಿ ಸ್ವಾಮಿ. ಕಳ್ಸಿ, ಸಾರು ಆರೋಗ್ತದೆ. ಒಬ್ಬರಿಗಂತೂ ಬಲೇ ಕೆಮ್ಮು, ಮೆಣಸು ಜಾಸ್ತಿ ಹಾಕಿವ್ನಿ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಭಾವ ನಗಲಿಲ್ಲ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೋಗಿ ಆ ನಾಲ್ಕು ಎಲೆಗಳಲ್ಲಿ ಮೊದಲನೆಯದಕ್ಕೆ ಕೂತರು. ಹೆಣ್ಣಿನ ತಾತ, ಬೀಗರ ಪಕ್ಕ ಕೂರಬೇಕಾದವರು! ಅಕ್ಕ ಕರೆಯಲು ಹೋದಳು.

"ಇದು ನನ್ ಎಲೆ ಕಣೇ," ಎಂದರು. ಅವಳಿಗೆ ಏನನ್ನಿಸಿತೋ, ತಾನೇ ನಿಂತು ತುಪ್ಪ ಬಡಿಸಿದಳು.

ಆ ನಾದಸ್ವರ ಈಗಲೂ ನನ್ನ ಫೋನಿನಲ್ಲಿದೆ. ಸ್ವರಗಳು ಯಾರವೋ. ಅವು ಬರುವಾಗ ಫೋನನ್ನು ಮೇಜಿನ ಮೇಲೇ ಇಟ್ಟಿರುತ್ತೇನೆ. ಸ್ವರ ನಿಲ್ಲುವ ಹೊತ್ತಿಗೆ ಕಿವಿಗಿಟ್ಟುಕೊಳ್ಳುತ್ತೇನೆ.

ಭಾವ ಇದ್ದಾಗ ಕೊನೆಯ ಸಲ ನಾನು ವಿಜಯಪುರದಿಂದ ಹೊರಟಾಗ ಬೇಡವೆಂದರೂ ಬಸ್ ಸ್ಟ್ಯಾಂಡಿಗೆ ಬಂದರು. ದಾರಿಯಲ್ಲಿ ಮೂರು ಕಡೆ ನಿಂತರು. ಮೂರು ಸಲವೂ ನಾನು ಅಂಗಡಿಗಳಲ್ಲಿ ಏನೋ ನೋಡುವವಳಂತೆ ನಟಿಸಿದೆ. ಬಸ್ ಬಂತು, ನಾನು ನುಗ್ಗಿದೆ.

"ಆತ್ರ ಬೇಡ ಕಾನ್ವೆಂಟಮ್ಮ. ಒಂದೊಂದ್ ಮೆಟ್ಲಿಗೂ ಉಸ್ರು ತಗೊಂಡು ಹತ್ತು. ಬಸ್ಸು ನಿಂತಿರುತ್ತೆ."

ಸೀಟು ಸಿಕ್ಕಿತು. ಕಿಟಕಿಯ ಕೆಳಗೆ ಅವರು ಕಂಬಿ ಹಿಡಿದು ನಿಂತಿದ್ದರು. ಏನೋ ಹೇಳಲೆಂದು ಮುಖ ಎತ್ತಿ ಒಂದು ದೀರ್ಘ ಉಸಿರು ಎಳೆದುಕೊಂಡರು. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು, ಇನ್ನೇನು ನಾದಸ್ವರ ಶುರುವಾಗುವ ಮುಂಚಿನದು. ಅಷ್ಟರಲ್ಲಿ ಕಂಡಕ್ಟರ್ ರೈಟ್ ಎಂದ.