ಅತ್ತೆಯ ಬಾಯಾರಿಕೆ

ನಮ್ಮತ್ತೆ ಒಬ್ಬಳು ಇಲ್ಲದಿದ್ದರೆ ಗುಂಡ್ಲುಪೇಟೆ ತಾಲ್ಲೂಕಿನ ಎಷ್ಟೋ ಗಂಡುಗಳಿಗೆ ಮದುವೆ ಇನ್ನೂ ಬೇಗ ಆಗಿಬಿಡುತ್ತಿತ್ತು! ತೆರಕಣಾಂಬಿಯಲ್ಲಿರುವ ಈಕೆ ಅಪ್ಪನ ತಂಗಿ. ನೆಂಟರಲ್ಲಿ ಯಾರ ಮಗಳಿಗೆ ಸಂಬಂಧ ಬಂದರೂ ಗಂಡಿನ ಮನೆಯನ್ನು ಗುಟ್ಟಾಗಿ ವಿಚಾರಿಸಿಕೊಂಡು ಬರುವುದು ಇವಳ ಕೆಲಸ. ಯಾರು ವಹಿಸಿದರು ಅಂತ ಕೇಳಬೇಡಿ, ಅವಳೇ ವಹಿಸಿಕೊಂಡಳು.

ಟೀವಿಯ ಪತ್ತೇದಾರನಿಗೆ ಉದ್ದ ಕೋಟು, ಭೂತಗನ್ನಡಿ ಎಲ್ಲ ಬೇಕು. ಅತ್ತೆಗೆ ಬೇಕಾದದ್ದು ಬಾಯಾರಿಕೆ ಒಂದೇ. ಗಂಡಿನ ಮನೆ ಬಾಗಿಲಲ್ಲಿ ನಿಂತು "ಒಂದ್ ಲೋಟ ನೀರ್ ಕೊಡವ್ವ" ಅಂದರೆ ಮುಗಿಯಿತು. ಜಗುಲಿ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಏಳುವಷ್ಟರಲ್ಲಿ ಆ ಮನೆಯ ತಲೆಮಾರುಗಳ ಜಗಳವೆಲ್ಲ ಅವಳ ಕೈಚೀಲದೊಳಗೆ!

ಗುಟ್ಟಾಗಿ ಅಂದೆನಲ್ಲ? ಅದೊಂದು ಮಾತ್ರ ಅವಳಿಗೆ ಒಲಿದಿಲ್ಲ. ಕಣ್ಣಿನ ಆಪರೇಷನ್ ಆದಾಗ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು, ಗುರುತೇ ಸಿಗದ ಹಾಗೆ ಸೆರಗು ಹೊದ್ದು ಒಮ್ಮೆ ಚಾಮರಾಜನಗರದ ಬಸ್ಸು ಹತ್ತಿದಳಂತೆ. ಕಂಡಕ್ಟರ್ ಫ್ರೀ ಟಿಕೆಟ್ ಕೊಡುತ್ತಾ "ಏನವ್ವ, ಇವತ್ತು ಯಾವೂರ್ ಗಂಡು?" ಅಂದನಂತೆ. ಇಡೀ ಬಸ್ಸು ಉತ್ತರಕ್ಕೆ ಕಾದು ಕೂತಿತ್ತು.

ಇನ್ನೊಂದು ಸಲ ಬಂಡೀಪುರದ ಕಡೆ ಅರಣ್ಯ ಇಲಾಖೆಯಲ್ಲಿದ್ದ ಹುಡುಗ. ಟೀ ಅಂಗಡಿಯಲ್ಲಿ ಪಕ್ಕ ಕೂತಿದ್ದವನನ್ನೇ ಅತ್ತೆ ಕೇಳಿದಳು, "ಆ ಹುಡ್ಗ ಕುಡಿತಾನಾ? ಕ್ವಾಪ ಗೀಪ ಜಾಸ್ತಿಯಾ?"

"ಕುಡಿಯಲ್ಲ. ಕ್ವಾಪ ಒಸಿ ಜಾಸ್ತಿನೇ. ನಾನೇ ಕಣವ್ವ ಆ ಹುಡ್ಗ."

ಅತ್ತೆ ನಿಧಾನವಾಗಿ ಟೀ ಮುಗಿಸಿ, "ಗೊತ್ತು ಬುಡು, ಅದ್ಕೇ ನಿನ್ನೇ ಕೇಳಿದ್ದು" ಅಂದಳಂತೆ. ಆ ಮದುವೆ ಆಯಿತು. ಕೋಪವೂ ಇದೆ, ಸಂಸಾರವೂ ಚೆನ್ನಾಗಿದೆ.

ಆಮೇಲೆ ನನ್ನ ಸರದಿ. ಚಾಮರಾಜನಗರದ ಗಂಡು, ಸರ್ಕಾರಿ ಕೆಲಸ, ಸ್ವಂತ ಮನೆ. ಅಪ್ಪ ಆಗಲೇ ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಹೊತ್ತಾಗಿತ್ತು. ನನಗೆ ಮಾತ್ರ ಒಳಗೊಳಗೇ ಭಯ, ಯಾಕೆ ಅಂತ ಹೇಳಲು ಬರುತ್ತಿರಲಿಲ್ಲ. ವಿಚಾರಿಸಲು ಹೋಗಿದ್ದ ಅತ್ತೆ ವಾಪಸ್ಸು ಬಂದವಳು ಚಪ್ಪಲಿ ಬಿಡುವ ಮುಂಚೆಯೇ "ಬ್ಯಾಡ ಕಣಣ್ಣ" ಅಂದಳು.

"ಯಾಕಮ್ಮಿ, ನೀರ್ ಕೊಡ್ನಿಲ್ವಾ?" ಅಂದ ಅಪ್ಪ.

"ಕೊಟ್ರು. ಹಿರೀ ಸೊಸೆ ತಂದ್ಕೊಡ್ತು. ಕೊಡಕ್ಮುಂಚೆ ಹಿಂದಕ್ ತಿರುಗಿ ಅವ್ರತ್ತೆ ಮಕ ನೋಡ್ತು."

ಅಪ್ಪನಿಗೆ ರೇಗಿತು. "ಇಷ್ಟಕ್ಕೆಲ್ಲ ಒಳ್ಳೇ ಸಂಬಂದ ಬುಡಕಾಯ್ತದಾ?"

ಅತ್ತೆ ಜಗಳಕ್ಕೆ ನಿಲ್ಲಲಿಲ್ಲ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ನಾನೂ ನಮ್ಮತ್ತೆ ಮನೇಲಿ ಅಂಗೇ ಮಕ ನೋಡ್ಕಂಡೇ ಬಾಳ್ದೆ ಕಣಣ್ಣ. ತಟ್ಟೆಗ್ ಅನ್ನ ಇಕ್ಕಬೇಕಾದ್ರೂ ನೋಡ್ತಿದ್ದೆ. ನನ್ ಮದ್ವೆಗ್ ಮುಂಚೆ ನಿಮ್ಮಲ್ ಒಬ್ರಾದ್ರೂ ಓಗಿ ವಿಚಾರಿಸ್ಬೋದಾಗಿತ್ತು."

ಇಷ್ಟು ದಿನ ನಾವೆಲ್ಲ ಯಾವುದಕ್ಕೆ ನಗುತ್ತಿದ್ದೆವು ಅಂತ ತಿಳಿದು ನನಗೆ ಅಳು ಬಂತು. ಅಪ್ಪ ತಲೆ ತಗ್ಗಿಸಿಕೊಂಡು ಫೋನ್ ತೆಗೆದು ಗಂಡಿನ ಕಡೆಯವರಿಗೆ ಸಂಬಂಧ ಬೇಡ ಅಂದ. ಅವರು ಕಾರಣ ಕೇಳಿರಬೇಕು.

"ಕಾರಣ ಏನಿಲ್ಲ," ಅಂದ ಅಪ್ಪ, ಅತ್ತೆಯನ್ನೇ ನೋಡುತ್ತಾ. "ನಮ್ ತಂಗಿ ಒಪ್ನಿಲ್ಲ, ಅಷ್ಟೇಯ."