ಮಗಳ ಹೊಟ್ಟೆಯ ಫೋಟೋ

ಇನ್ನೊಬ್ಬರಿಗೆ ಧೈರ್ಯ ಹೇಳಬೇಕಾದರೆ ನಮ್ಮ ಬಳಿ ಧೈರ್ಯ ಇರಲೇಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಇದ್ದಿದ್ದರೆ ನನ್ನಂಥ ಮಾಸ್ತರನ ಪಾಡು ಕಷ್ಟವಾಗುತ್ತಿತ್ತು. ಶಹಾಪುರದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಕನ್ನಡ ಪಾಠ ಹೇಳುತ್ತೇನೆ. ಲಸಿಕೆ ಹಾಕುವ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಇರುವಿ ಕಡಿದಂಗ ಆಗ್ತದ, ಅಷ್ಟೇ" ಎಂದು ಭಾಷಣ ಮಾಡುವವನು ನಾನೇ. ಸೂಜಿ ಹೊರಬಂದ ಕೂಡಲೇ ಹಾಜರಿ ಪುಸ್ತಕ ತರುವ ನೆಪದಲ್ಲಿ ಆಫೀಸು ಕೋಣೆ ಸೇರುವವನೂ ನಾನೇ. ಇದನ್ನು ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ, ಅಥವಾ ಗಮನಿಸಿದವರು ಮರ್ಯಾದೆಗೆ ಸುಮ್ಮನಿದ್ದರು.

ನನ್ನ ಬಂಡವಾಳ ಬಯಲಾದದ್ದು ಮಗಳಿಂದ. ಭಾಗ್ಯಳಿಗೆ ಆರು ವರ್ಷ, ನನ್ನ ಶಾಲೆಯಲ್ಲೇ ಒಂದನೇ ತರಗತಿ. ಮಳೆಗಾಲ ಮುಗಿದಾಗಿನಿಂದ ಅವಳಿಗೆ ಪದೇ ಪದೇ ಕೆಳಹೊಟ್ಟೆ ನೋವು, ಜ್ವರ, ಒಂದಕ್ಕೆ ಹೋದರೆ ಉರಿ. ಔಷಧ ಕುಡಿದರೆ ಹೋಗುವುದು, ಹದಿನೈದು ದಿನಕ್ಕೆ ಮತ್ತೆ ಬರುವುದು. ಮೂರನೆಯ ಸಲ ಶಹಾಪುರದ ಡಾಕ್ಟರು ಚೀಟಿ ಬರೆದುಕೊಟ್ಟು, "ಕಿಡ್ನ್ಯಾಗ ಏನರೆ ಅದನೋ ಏನೋ, ಒಮ್ಮೆ ನೋಡಿಬಿಡೋಣ್ರಿ ಮಾಸ್ತರ್ರ. ಯಾದಗಿರಿಗಿ ಹೋಗಿ ಸ್ಕ್ಯಾನ್ ಮಾಡಿಸ್ಕೊಂಡು ಬರ್ರಿ. ಭಾಳ ನೀರು ಕುಡಿಸ್ರಿ, ಸ್ಕ್ಯಾನ್ ಆಗೋತನಕ ಒಂದಕ್ಕ ಬಿಡಬ್ಯಾಡ್ರಿ" ಎಂದರು. ಇಷ್ಟೆಲ್ಲ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು 'ಕಿಡ್ನಿ' ಒಂದೇ.

ಹೆಂಡತಿ ಎರಡು ತಿಂಗಳ ಬಾಣಂತಿ, ಸುರಪುರದ ತವರುಮನೆಯಲ್ಲಿದ್ದಳು. ಫೋನು ಮಾಡಿದರೆ, "ನೀವು ಗಾಬರಿ ಆಗಬ್ಯಾಡ್ರಿ. ಆಕಿಗಿ ಇದ್ದದ್ದು ಇದ್ದಂಗ ಹೇಳಿ ಕರ್ಕೊಂಡು ಹೋಗ್ರಿ" ಎಂದಳು. ಮಗಳ ಬಗ್ಗೆ ಅವಳಿಗೆ ಚಿಂತೆಯಿತ್ತು, ಆದರೆ ನನ್ನ ಬಗ್ಗೆ ಇದ್ದಷ್ಟು ಅಲ್ಲ. ಇದ್ದದ್ದು ಇದ್ದಂಗೆ ಹೇಳುವ ಎದೆ ನನಗೆಲ್ಲಿಂದ ಬರಬೇಕು? "ನಿನ್ನ ಹೊಟ್ಟಿದು ಒಂದು ಫೋಟೋ ತೆಗಸಬೇಕು" ಎಂದುಬಿಟ್ಟೆ.

ಫೋಟೋ ಎಂದರೆ ಫೋಟೋ. ಭಾಗ್ಯ ಹಸಿರು ಫ್ರಾಕು ಹಾಕಿಕೊಂಡಳು, ಎರಡು ರಿಬ್ಬನ್ ಕಟ್ಟಿಸಿಕೊಂಡಳು, ಮುಖಕ್ಕೆ ಪೌಡರು ಹಚ್ಚಿಕೊಂಡ ಮೇಲೆ ಸ್ವಲ್ಪ ಯೋಚಿಸಿ ಹೊಟ್ಟೆಗೂ ಹಚ್ಚಿಕೊಂಡಳು. ಬಸ್ಸು ಭೀಮಾ ಸೇತುವೆ ದಾಟುವಾಗ, "ಅಪ್ಪಾ, ಹೊಟ್ಟಿ ಫೋಟೋದಾಗ ನಗಬೇಕೇನು?" ಎಂದು ಕೇಳಿದಳು. ನಾನು ಕಿಟಕಿಯಾಚೆ ನದಿ ತೋರಿಸಿದೆ.

ಆಸ್ಪತ್ರೆಯಲ್ಲಿ ಸಿಸ್ಟರು ನೀರಿನ ಬಾಟಲಿ ನೋಡಿ, ಪೂರ್ತಿ ಖಾಲಿಯಾಗಬೇಕು ಎಂದರು. ಭಾಗ್ಯ ತುಟಿ ಬಿಗಿಹಿಡಿದಳು. "ನೀ ಒಂದು ಗ್ಲಾಸು ಕುಡಿದ್ರ ನಾ ಒಂದು ಕುಡೀತೀನಿ" ಎಂದಳು. ಒಪ್ಪಂದವಾಯಿತು. ಅವಳ ಗ್ಲಾಸು ಬಾಟಲಿಯ ಮುಚ್ಚಳದ ಅಳತೆಯದು, ನನ್ನದು ನಿಜವಾದ ಗ್ಲಾಸು ಎಂಬುದು ನನಗೆ ಬಾಟಲಿಯನ್ನು ಮೂರನೆಯ ಸಲ ತುಂಬಿಸುವಾಗ ಹೊಳೆಯಿತು. ಇನ್ನೇನು ನಮ್ಮ ಸರದಿ ಎನ್ನುವಾಗ ಒಬ್ಬ ಬಸುರಿಯನ್ನು ಅವಸರದಲ್ಲಿ ಕರೆತಂದರು. "ಅವರದು ಅರ್ಜೆಂಟ್ ಅದರಿ, ಸ್ವಲ್ಪ ತಡೀರಿ" ಎಂದರು ಸಿಸ್ಟರು. 'ತಡೀರಿ' ಎಂಬ ಶಬ್ದಕ್ಕೆ ಎಷ್ಟು ಆಳವಾದ ಅರ್ಥವಿದೆಯೆಂದು ಕನ್ನಡ ಮಾಸ್ತರನಾದ ನನಗೆ ಅಂದು ತಿಳಿಯಿತು.

ಪಕ್ಕದಲ್ಲಿ ರಾಮಸಮುದ್ರದ ಮಲ್ಲಮ್ಮ ಎಂಬ ಕುರಿಗಾರ ಮುದುಕಿ ತನ್ನ ಸರದಿಗೆ ಕಾಯುತ್ತ ಕೂತಿದ್ದಳು. ಭಾಗ್ಯ ಅವಳ ಕೈಬಳೆ ಎಣಿಸುತ್ತ ಆರಾಮಾಗಿದ್ದಳು. ಕಾಲ ಮೇಲೆ ಕಾಲು ಹಾಕಿ, ತೆಗೆದು, ಮತ್ತೆ ಹಾಕಿ ಒದ್ದಾಡುತ್ತಿದ್ದವನು ನಾನು. ಮಲ್ಲಮ್ಮ ಬಹಳ ಹೊತ್ತು ನೋಡಿ, "ಯಪ್ಪಾ, ನೋವು ಕೂಸಿಗೋ ನಿನಗೋ?" ಎಂದಳು.

"ಕೂಸಿಗಿ" ಎಂದೆ, ಉಸಿರು ಬಿಗಿಹಿಡಿದು.

"ಹೋಗಿ ಬಾರಪ್ಪ. ನೂರು ಕುರಿ ಕಾದಾಕಿ ಅದೀನಿ, ಒಂದು ಕೂಸು ಕಾಯಾಕ ಆಗಂಗಿಲ್ಲೇನು?"

ಇಂಥ ಹೊತ್ತಿನಲ್ಲಿ ತಂದೆಯಾದವನು ಮಗಳ ಪಕ್ಕ ಬಿಟ್ಟು ಕದಲಬಾರದು ಎಂದು ನಾನು ಉತ್ತರಿಸತೊಡಗಿದೆ. ಆ ವಾಕ್ಯದ ಕ್ರಿಯಾಪದ ಬರುವಷ್ಟರಲ್ಲಿ ನಾನು ವರಾಂಡದ ಆಚೆ ತುದಿಯಲ್ಲಿ ಓಡುತ್ತಿದ್ದೆ.

ತಿರುಗಿ ಬಂದರೆ ಬೆಂಚು ಖಾಲಿ. ಅಷ್ಟು ನೀರು ಕುಡಿದವನ ಬಾಯಿ ಒಮ್ಮೆಲೇ ಒಣಗಿತು. ಬಾಗಿಲು ದೂಡಿ ಒಳಗೆ ನುಗ್ಗಿದೆ. ಭಾಗ್ಯ ಮಲ್ಲಮ್ಮನ ಬೆರಳು ಹಿಡಿದು ಮಂಚದ ಮೇಲೆ ಮಲಗಿದ್ದಳು. "ಅಪ್ಪಾ, ಇದು ಫೋಟೋ ಅಲ್ಲ. ಒಳಗ ಏನರೆ ಆಗ್ಯದೇನು ನೋಡಾಕತ್ತಾರ. ಈ ಆಯಿ ಎಲ್ಲಾ ಹೇಳ್ಯಾಳ. ತಣ್ಣಗ ಹತ್ತತದ, ನೋಯಂಗಿಲ್ಲ" ಎಂದು ನನಗೇ ತಿಳಿಸಿ ಹೇಳಿದಳು. ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಜೆಲ್ಲಿ ಸವರಿದ ಹೊಟ್ಟೆಯ ಮೇಲೆ ಉಪಕರಣ ಆಡಿಸತೊಡಗಿದರು. ಪರದೆಯ ಮೇಲೆ ಬೂದು ಮೋಡಗಳು ಸರಿಯುತ್ತಿದ್ದವು. ನನಗೆ ಆ ಮೋಡ ಓದಲು ಬರದು, ಅದಕ್ಕೆ ಡಾಕ್ಟರಮ್ಮನ ಹುಬ್ಬು ಓದತೊಡಗಿದೆ. ಹುಬ್ಬು ಒಮ್ಮೆ ಗಂಟಿಕ್ಕಿತು. ಆ ಒಂದು ಗಂಟಿನಲ್ಲಿ ನಾನು ಹೈದರಾಬಾದಿನ ದೊಡ್ಡ ದವಾಖಾನೆಗೂ ಹೋಗಿಬಂದೆ. ಮಗಳ ಪುಟ್ಟ ಹೊಟ್ಟೆ ಉಸಿರಿಗೆ ಏರಿಳಿಯುವುದನ್ನೇ ನೋಡುತ್ತ, ಆ ನೋವೆಲ್ಲ ನನಗೇ ಬರಲಿ ಎಂದುಕೊಂಡೆ. ಸೂಜಿಯದ್ದಾದರೂ ಬರಲಿ ಎಂದುಕೊಂಡೆ.

"ಕಿಡ್ನಿ ಎರಡೂ ಚಲೋ ಅದಾವ" ಎಂದರು ಡಾಕ್ಟರಮ್ಮ. ನನ್ನ ಕಣ್ಣು ತುಂಬಿತು. ಕೈಗೆ ಸಿಕ್ಕ ಕಾಗದದಿಂದ ಒರೆಸಿಕೊಂಡೆ. ಅದು ಮಗಳ ಹೊಟ್ಟೆಯ ಜೆಲ್ಲಿ ಒರೆಸಿದ ಕಾಗದ. ಕೆನ್ನೆಯೆಲ್ಲ ತಣ್ಣಗಾಯಿತು.

ಆಮೇಲೆ ಅವರು ಭಾಗ್ಯಳನ್ನು ಕೇಳಿದರು, "ಪುಟ್ಟಿ, ಒಂದಕ್ಕ ಬಂದ್ರ ತಡಕೊಂಡು ಕೂಡ್ತಿಯೇನು?"

"ಸಾಲ್ಯಾಗ ಹೋಗಂಗಿಲ್ರಿ. ಪಾಯಖಾನಿ ಬಾಗಿಲಿಗಿ ಚಿಲಕ ಇಲ್ಲ, ಹುಡುಗ್ರು ದೂಡ್ತಾರ. ಅದಕ್ಕ ನೀರು ಕುಡಿಯಂಗಿಲ್ಲ. ಮನಿಗಿ ಬಂದು ಹೋಗ್ತೀನಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೋಡ್ರಿ, ಬ್ಯಾನಿ ಬೇರು ಇಲ್ಲಿ ಅದ. ದಿನಾ ಇಷ್ಟು ಹೊತ್ತು ತಡಕೊಂಡ್ರ ಏನಾಗಬೇಕು? ಯಾವ ಸಾಲಿರಿ ಅದು? ಅಲ್ಲಿ ಮಾಸ್ತರ್ರು ಏನು ಮಾಡ್ತಾರ?"

ನಾನು ಪರದೆಯ ಮೋಡಗಳನ್ನು ಆಸಕ್ತಿಯಿಂದ ನೋಡತೊಡಗಿದೆ.

"ಇವರೇರಿ ಮಾಸ್ತರ್ರು" ಎಂದಳು ಭಾಗ್ಯ. ಮಲ್ಲಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಮರುದಿನವೇ ಶಹಾಪುರದ ಬಜಾರಿನಿಂದ ಗಟ್ಟಿ ಚಿಲಕ ತಂದೆ. ಬಡಿಗನನ್ನು ಕರೆಯೋಣ ಎಂದ ಹೆಡ್‌ಮಾಸ್ತರರ ಮಾತು ಕೇಳದೆ, ಪಶ್ಚಾತ್ತಾಪಕ್ಕೆ ಆಳು ಹಚ್ಚಬಾರದೆಂದು ಊಟದ ಬಿಡುವಿನಲ್ಲಿ ನಾನೇ ಕೂತು ಜೋಡಿಸಿದೆ. ಹೆಣ್ಣುಮಕ್ಕಳೆಲ್ಲ ನೆರೆದಿದ್ದರು. ಎಷ್ಟು ಭದ್ರವಾಗಿದೆ ನೋಡಿ ಎಂದು ತೋರಿಸಲು ಒಳಗೆ ಹೋಗಿ ಹಾಕಿಕೊಂಡೆ. ಬಹಳ ಭದ್ರವಾಗಿತ್ತು. ತೆಗೆಯಲು ಬರಲಿಲ್ಲ. ಎಳೆದೆ, ಗುದ್ದಿದೆ, ಕೊನೆಗೆ ಬೆವರುತ್ತ, "ಯಾರರೆ ಅದಿರೇನು?" ಎಂದು ಕೂಗಿದೆ. ಹೊರಗಿನಿಂದ ಮಗಳ ಧ್ವನಿ ಬಂತು. ಶಾಲೆಯಲ್ಲಿ ಅವಳು ನನಗೆ ಎಲ್ಲರಂತೆ 'ಸರ' ಎನ್ನುತ್ತಾಳೆ. "ಸರ, ಗುದ್ದಬ್ಯಾಡ್ರಿ. ಮ್ಯಾಲ ಎತ್ತಿ, ಆಮ್ಯಾಲ ಎಳೀರಿ."

ಎತ್ತಿದೆ, ಎಳೆದೆ, ಹೊರಬಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಈಗ ಭಾಗ್ಯಳಿಗೆ ನೋವಿಲ್ಲ, ಬಿಡುವಿನಲ್ಲಿ ಆ ಬಾಗಿಲ ಮುಂದೆ ಸರತಿ ಇರುತ್ತದೆ. ಹೊಸದಾಗಿ ಬಂದ ಹುಡುಗಿಯರಿಗೆ ಚಿಲಕ ತೆಗೆಯುವುದನ್ನು ಅವಳೇ ಕಲಿಸಿಕೊಡುತ್ತಾಳೆ. "ಭಾಳ ಸುಲಭ ಅದ" ಎಂದು ಅವರಿಗೆ ಧೈರ್ಯ ಹೇಳುವುದನ್ನು ಮೊನ್ನೆ ನಾನೇ ಕೇಳಿಸಿಕೊಂಡೆ. "ನಮ್ಮ ಸರ ಒಬ್ಬರಿಗೇ ಬರಂಗಿಲ್ಲ."